ಒಡಹುಟ್ಟಿದವರ ಸಾಲು

ಹೆಣ್ಣುಮಕ್ಕಳ ಹಾಸ್ಟೆಲ್,
ಮೂರನೇ ಮಹಡಿ, ಕಿಟಕಿ ಪಕ್ಕದ ಮಂಚ
ಭಾನುವಾರ ಮಧ್ಯಾಹ್ನ, ಅಕ್ಟೋಬರ್ ೧೨

ಪ್ರೀತಿಯ ಅಣ್ಣಾ,

ಹೇಗಿದ್ದೀಯ? "ಚೆನ್ನಾಗಿದ್ದೀನಿ ಬಿಡೇ" ಅನ್ನುವ ಉತ್ತರ ಈ ಸಲ ನಡೆಯುವುದಿಲ್ಲ. ಅದಕ್ಕೇ ಫೋನ್ ಬಿಟ್ಟು ಕಾಗದ ಹಿಡಿದಿದ್ದೇನೆ. ಫೋನಿನಲ್ಲಾದರೆ ನೀನು ಎರಡು ಜೋಕು ಹೊಡೆದು, ನಾನು ಕೇಳಬೇಕೆಂದಿದ್ದನ್ನೆಲ್ಲ ಮರೆಸಿ, "ಶಿಫ್ಟಿಗೆ ಟೈಮಾಯ್ತು" ಎಂದು ಇಟ್ಟುಬಿಡುತ್ತೀಯ. ಊಟ ಹೊತ್ತಿಗೆ ಸರಿಯಾಗಿ ಮಾಡುತ್ತಿದ್ದೀಯಾ? ಆ ತಗಡಿನ ಶೆಡ್ಡಿನಲ್ಲಿ ನಿದ್ದೆ ಬರುತ್ತದಾ? ನೀನು ನಡೆಸುವ ಕ್ರೇನಿನ ಏಣಿಗೆ ಇನ್ನೂರ ಹತ್ತು ಮೆಟ್ಟಿಲು ಎಂದು ಬೇಸಿಗೆಯಲ್ಲಿ ಹೇಳಿದ್ದೆ. ಕಟ್ಟಡ ಬೆಳೆದ ಹಾಗೆ ಕ್ರೇನೂ ಬೆಳೆಯುತ್ತದೆ ಅಂದಿದ್ದೆಯಲ್ಲ, ಈಗ ಎಷ್ಟಾಗಿದೆ? ಹತ್ತುವಾಗ ನಡುವೆ ಎಲ್ಲಾದರೂ ನಿಂತು ಉಸಿರು ತೆಗೆದುಕೊಳ್ಳುತ್ತೀಯಾ? ಸುಮ್ಮನೆ ಕೇಳುತ್ತಿಲ್ಲ. ಅಮ್ಮ ಆರಾಮಾಗಿದ್ದಾಳೆ, ನಿನ್ನೆ ಮಾತಾಡಿದೆ. ನೀನು ಫೋನ್ ಮಾಡುವುದು ಕಡಿಮೆಯಾಗಿದೆ ಎಂದು ನನ್ನ ಹತ್ತಿರ ದೂರಿದಳು, ನಿನ್ನ ಹತ್ತಿರ ನನ್ನ ಮೇಲೆ ದೂರಿರುತ್ತಾಳೆ.

ಈಗ ನನ್ನ ಸುದ್ದಿ. ಮೊದಲೇ ಹೇಳುತ್ತೇನೆ, ನಾನು ಚೆನ್ನಾಗಿದ್ದೇನೆ. ನಿನ್ನ 'ಚೆನ್ನಾಗಿದ್ದೀನಿ' ಅಲ್ಲ, ನಿಜವಾದದ್ದು. ಒಂದು ತಿಂಗಳ ಕೆಳಗೆ ಕ್ಲಾಸಿಗೆ ತಡವಾಯಿತೆಂದು ಓಡುವಾಗ ಲೈಬ್ರರಿ ಮೆಟ್ಟಿಲ ಮೇಲೆ ಎಚ್ಚರ ತಪ್ಪಿ ಬಿದ್ದೆ. ಬೀಳುವ ಮೊದಲು ಎದೆಯೊಳಗೆ ಯಾರೋ ಒಂದು ಮೆಟ್ಟಿಲು ಬಿಟ್ಟು ಕಾಲಿಟ್ಟ ಹಾಗಾಯಿತು, ಅಷ್ಟೇ ನೆನಪು. ಮೊಣಕೈ ತರಚಿತ್ತು. ವಾರ ಬಿಟ್ಟು ಇನ್ನೊಮ್ಮೆ ಹಾಗೇ ಆಯಿತು, ಬಾತ್‌ರೂಮಿನಲ್ಲಿ. ರೂಮ್‌ಮೇಟು ಡಾಕ್ಟರ ಹತ್ತಿರ ನಡಿ ಎಂದು ಎಷ್ಟು ಎಳೆದರೂ ಹೋಗಲಿಲ್ಲ. ಯಾಕೆಂದು ಅವಳಿಗೆ ಹೇಗೆ ಗೊತ್ತಾಗಬೇಕು, ಅವಳು ಹುಟ್ಟಿದಾಗಿನಿಂದ ಮನೆಯಲ್ಲೇ ಬೆಳೆದವಳು. ನಿನಗೆ ಗೊತ್ತು. ನಮ್ಮ ಸ್ಕೂಲ್ ಹಾಸ್ಟೆಲಿನಲ್ಲಿ ಸಿಕ್ ರೂಮಿನ ರಿಜಿಸ್ಟರಿಗೆ ಮೂರು ಸಲ ಹೆಸರು ಬಿತ್ತೆಂದರೆ ಟ್ರಂಕು ಕಟ್ಟಿ ಮನೆಗೆ. ಆಮೇಲೆ ಆ ಮಂಚಕ್ಕೆ ಬೇರೆ ಹುಡುಗಿ. ಮೇಟ್ರನ್ ಥರ್ಮಾಮೀಟರ್ ಇಡುವ ಮುಂಚೆ ಬಾಯಲ್ಲಿ ತಣ್ಣೀರು ಹಿಡಿದುಕೊಳ್ಳುವುದು, ಕೆನ್ನೆ ಚಿವುಟಿ ಕೆಂಪು ಮಾಡಿಕೊಳ್ಳುವುದು, ಇದೆಲ್ಲ ನನಗೆ ಕಲಿಸಿದವನು ನೀನೇ. "ಕಾಯಿಲೆ ಬರೋದು ತಪ್ಪಲ್ಲ ಇಲಿಮರಿ, ಸಿಕ್ಕಿಬೀಳೋದು ತಪ್ಪು" ಎಂದಿದ್ದೆ. ನಾನು ಅದನ್ನು ಮಗ್ಗಿಯ ಹಾಗೆ ಕಲಿತುಬಿಟ್ಟೆ.

ಹಾಗಾಗಿ ಅಡ್ಮಿಷನ್ ದಿನ ಯೂನಿವರ್ಸಿಟಿಯವರು ನೀಲಿ ಬಣ್ಣದ ಇನ್ಶೂರೆನ್ಸ್ ಕಾರ್ಡನ್ನೂ ನಲವತ್ತಾರು ಪುಟದ ಪುಸ್ತಕವನ್ನೂ ಕೊಟ್ಟಾಗ, ಎಲ್ಲರೂ ಅದನ್ನು ಬ್ಯಾಗಿನ ತಳಕ್ಕೆ ಹಾಕಿದರೆ ನಾನೊಬ್ಬಳು ಅಕ್ಷರ ಬಿಡದೆ ಓದಿದೆ, ಕಳ್ಳ ಕಾನೂನು ಓದುವ ಹಾಗೆ, ಎಲ್ಲಿ ಸಿಕ್ಕಿಬೀಳುತ್ತೇನೆ ಎಂದು ಹುಡುಕುತ್ತಾ. ಈ ಕಾರ್ಡು ಒಂದು ದೊಡ್ಡ ಸಿಕ್ ರೂಮ್ ರಿಜಿಸ್ಟರ್ ಅಂದುಕೊಂಡಿದ್ದೆ. ಮೂರು ಸಲ ತೋರಿಸಿದರೆ ಯೂನಿವರ್ಸಿಟಿಯಿಂದ ಟ್ರಂಕು ಆಚೆಗೆ. ನಗಬೇಡ. ನಿನ್ನ ತಲೆಯಲ್ಲೂ ಇದೇ ಇದೆ.

ಕೊನೆಗೆ ರೂಮ್‌ಮೇಟು ಮೋಸ ಮಾಡಿ, ಟೀ ಕುಡಿಯೋಣ ಬಾ ಎಂದು ಕರೆದುಕೊಂಡು ಹೋಗಿ ಫಾರ್ಮ್ ಆಂಟಿಯ ಮುಂದೆ ಕೂರಿಸಿದಳು. ಫಾರ್ಮ್ ಆಂಟಿ ಅಂದರೆ ಆಫೀಸಿನ ಮೆಟ್ಟಿಲ ಕೆಳಗೆ ಒಂದು ಮೇಜು, ಎರಡು ಕುರ್ಚಿ, ಒಂದು ಫೋನ್ ಇಟ್ಟುಕೊಂಡು ಹುಡುಗರಿಗೆ ಇನ್ಶೂರೆನ್ಸ್ ಅರ್ಥ ಮಾಡಿಸುವವರು. ಮೊದಲು ನರ್ಸ್ ಆಗಿದ್ದರಂತೆ. ಅವರದೊಂದು ಪದ್ಧತಿ ಇದೆ, ಯಾರ ಪರವಾಗಿಯೂ ಅವರು ಇನ್ಶೂರೆನ್ಸಿನವರಿಗೋ ಕ್ಲಿನಿಕ್ಕಿಗೋ ಫೋನ್ ಮಾಡುವುದಿಲ್ಲ. ರಿಸೀವರ್ ನಮ್ಮ ಕೈಗೇ ಕೊಡುತ್ತಾರೆ. ನೀವೇ ಮಾತಾಡಿ ಮೇಡಂ ಎಂದೆ. "ನಾನು ಮಾತಾಡಿದ್ರೆ ಇವತ್ತಿನ ಕೆಲಸ ಆಗುತ್ತೆ ಕಣಮ್ಮ. ನಾಳೆ ನಾನು ರಜಾ ಹಾಕಿದ್ರೆ ಏನ್ಮಾಡ್ತೀಯ, ಕಾಯಿಲೆಗೂ ರಜಾ ಕೊಡ್ತೀಯಾ?" ಅಂದರು. ರಿಜಿಸ್ಟರ್ ಭಯ ಹೇಳಿಕೊಂಡಾಗ ಮಾತ್ರ ನಗಲಿಲ್ಲ. ಪುಸ್ತಕದ ಹನ್ನೊಂದನೇ ಪುಟ ತೆಗೆದು, ಬೆರಳಿಟ್ಟು, ಗಟ್ಟಿಯಾಗಿ ಓದಿಸಿದರು. ಕಾಯಿಲೆ ಇದೆಯೆಂದು ಯಾರನ್ನೂ ಕೋರ್ಸಿನಿಂದ ತೆಗೆಯುವ ಹಾಗಿಲ್ಲ ಎಂದು ಅಚ್ಚಾಗಿತ್ತು. ನಲವತ್ತಾರು ಪುಟ ಓದಿದ ನನ್ನ ಕಣ್ಣಿಗೆ ಆ ಸಾಲು ಬಿದ್ದೇ ಇರಲಿಲ್ಲ.

ಆಮೇಲೆ ಎಲ್ಲ ಸಲೀಸಾಗಿ ಆಯಿತು. ಮೊದಲು ಕ್ಯಾಂಪಸ್ ಕ್ಲಿನಿಕ್ಕು, ಅಲ್ಲಿಂದ ಒಂದು ಚೀಟಿ, ಆ ಚೀಟಿಯೂ ಕಾರ್ಡೂ ಹಿಡಿದು ದೊಡ್ಡಾಸ್ಪತ್ರೆ. ಇಸಿಜಿ ತೆಗೆದರು, ಒಂದು ದಿನ ಎದೆಗೆ ಸಣ್ಣ ಯಂತ್ರ ಅಂಟಿಸಿ ಕಳಿಸಿದರು. ಹೃದಯದ ಬಡಿತ ಆಗಾಗ ಲಯ ತಪ್ಪುತ್ತದಂತೆ. ಮಾತ್ರೆ ತೆಗೆದುಕೊಂಡರೆ ಹಿಡಿತದಲ್ಲಿರುತ್ತದೆ, ಗೊತ್ತಿಲ್ಲದೆ ಬಿಟ್ಟರೆ ಅಪಾಯ ಎಂದರು ಡಾಕ್ಟರು. ನಾನು ನುಂಗುತ್ತಿದ್ದೇನೆ, ಆಮೇಲೆ ಬಿದ್ದಿಲ್ಲ. ಅವರು ಒಂದು ಹಾಳೆ ಕೊಟ್ಟು ಮನೆಯವರ ವಿಷಯ ತುಂಬಿ ಮಂಗಳವಾರ ತಾ ಎಂದರು. ಯಾಕೆಂದರೆ ಇದು ರಕ್ತದಲ್ಲಿ ಬರುವಂಥದ್ದು. ತಂದೆ, ತಾಯಿ, ಆಮೇಲೆ 'ಒಡಹುಟ್ಟಿದವರು: ಎಂದಾದರೂ ಎಚ್ಚರ ತಪ್ಪಿದ್ದುಂಟೇ?' ಎಂದು ಒಂದು ಸಾಲು. ಆ ಸಾಲನ್ನು ನಾಲ್ಕು ದಿನದಿಂದ ಖಾಲಿ ಬಿಟ್ಟಿದ್ದೇನೆ ಅಣ್ಣಾ.

ನಡುವೆ ಒಂದು ತಮಾಷೆ ಕೇಳು. ಫಾರ್ಮ್ ಆಂಟಿಯ ಇನ್ನೊಂದು ಪದ್ಧತಿ, ಸಹಾಯ ಪಡೆದವರು ಒಂದು ಮಧ್ಯಾಹ್ನ ಅದೇ ಮೇಜಿನಲ್ಲಿ ಕೂತು ಇನ್ನೊಬ್ಬರಿಗೆ ಕಲಿಸಬೇಕು. ಶುಕ್ರವಾರ ನನ್ನ ಸರದಿ. ಬಂದವನು ಫೈನಲ್ ಇಯರ್ ಸೀನಿಯರ್ ಒಬ್ಬ, ಬಾಗಿಲು ತುಂಬುವ ಆಳು, ಎಲ್ಲರೂ ಅವನನ್ನು ಗೋಡೆ ಅಂತಾರೆ. ಕಿವಿ ಸೋರಿ ಹದಿನೈದು ದಿನವಾಗಿದೆ. ಕಾರ್ಡು ಎಲ್ಲಿ ಎಂದರೆ ದಪ್ಪ ಪುಸ್ತಕದಿಂದ ತೆಗೆದ, ಮೂರು ವರ್ಷದಿಂದ ಪುಟದ ಗುರುತಿಗೆ ಇಟ್ಟುಕೊಂಡಿದ್ದಾನೆ. "ಇದು ನಾವು ಸತ್ತ ಮೇಲೆ ಮನೆಯವರಿಗೆ ಬರೋದಲ್ವೇನಮ್ಮ?" ಎಂದು ಕೇಳಿದ. ಇಲ್ಲ ಸಾರ್, ಇದು ಸಾಯದೆ ಇರೋಕೆ ಎಂದೆ. ರಿಸೀವರ್ ಅವನ ಕೈಗೆ ಕೊಟ್ಟೆ. ಅಷ್ಟು ದೊಡ್ಡ ಆಳು, ಗಾಬರಿಯಲ್ಲಿ ಅದನ್ನು ಸೋರುವ ಕಿವಿಗೇ ಇಟ್ಟುಕೊಂಡ. ನನಗೆ ಪಾಪ ಅನ್ನಿಸಿತು, ಧೈರ್ಯವೂ ಬಂತು. ಅಪಾಯಿಂಟ್‌ಮೆಂಟ್ ಸಿಕ್ಕಿದ ಮೇಲೆ ಅವನು ಎದ್ದು ನಿಂತು, "ಚೆನ್ನಾಗಿ ಹೇಳಿಕೊಡ್ತೀಯ. ನಿಮ್ಮ ಮನೇಲಿ ಎಲ್ಲರಿಗೂ ಹೇಳಿಕೊಟ್ಟಿದೀಯೇನು?" ಅಂದ. ನನಗೆ ನೀನು ನೆನಪಾದೆ.

ನಿನಗೂ ಕಂಪನಿ ಕಾರ್ಡು ಕೊಟ್ಟಿದೆ. ಅದರ ಫೋಟೊ ಕಳಿಸಿ, "ಇದು ಬಿದ್ದವರಿಗೆ, ನಾನು ಹತ್ತುವವನು" ಎಂದು ಬರೆದಿದ್ದೆ. ಆಗ ನಾನೂ ನಕ್ಕಿದ್ದೆ. ನಿನ್ನೆ ಆ ಫೋಟೊದಲ್ಲಿರುವ ನಂಬರಿಗೆ ಫೋನ್ ಮಾಡಿದೆ. ನಿನ್ನ ವಿಷಯ ನನಗೆ ಏನೂ ಹೇಳಲಿಲ್ಲ, "ಕಾರ್ಡಿನವರೇ ಮಾತಾಡಬೇಕು" ಎಂದರು. ಅದು ಸರಿಯೇ. ಆದರೆ ಬೀಳದವರಿಗೂ ಪರೀಕ್ಷೆ ಮಾಡಿಸುತ್ತಾರಾ ಎಂದು ಸುತ್ತಿ ಬಳಸದೆ ನೇರವಾಗಿ ಕೇಳಿದೆ. ಡಾಕ್ಟರ ಚೀಟಿ ಇದ್ದರೆ ಮಾಡಿಸುತ್ತಾರೆ.

ಅಣ್ಣಾ, ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ಸ್ಪೋರ್ಟ್ಸ್ ಡೇ ರಿಹರ್ಸಲ್ ದಿನ, ನೀನು ನೀರಿನ ಟ್ಯಾಂಕಿನ ಹಿಂದೆ ಬಿದ್ದಿದ್ದೆ. ಕಣ್ಣು ತೆರೆದಿತ್ತು, ನೋಟ ಇರಲಿಲ್ಲ. ನಾನು ಫ್ರಾಕಿನ ಅಂಚು ಒದ್ದೆ ಮಾಡಿ ನಿನ್ನ ಮುಖ ಒರೆಸಿದೆ. ಎದ್ದವನು ಮೊದಲು ಹೇಳಿದ್ದು, "ತಿಂಡಿ ತಿಂದಿರಲಿಲ್ಲ, ಅದಕ್ಕೆ. ಯಾರಿಗೂ ಹೇಳಬೇಡ, ಆಣೆ ಮಾಡು." ಮಾಡಿದೆ. ಆದರೆ ಆವತ್ತು ನೀನು ತಿಂಡಿ ತಿಂದಿದ್ದೆ, ನನ್ನ ತಟ್ಟೆಯದನ್ನೂ ತಿಂದಿದ್ದೆ. ಸುಳ್ಳೆಂದು ನನಗೆ ಆಗಲೇ ಗೊತ್ತಿತ್ತು. ಅವರು ನಿನ್ನ ಟ್ರಂಕು ಕಟ್ಟಿದರೆ ಆ ಸ್ಕೂಲಿನಲ್ಲಿ ನಾನು ಒಬ್ಬಳೇ ಉಳಿಯುತ್ತೇನೆಂದು ಹೆದರಿ ಬಾಯಿ ಮುಚ್ಚಿಕೊಂಡೆ. ನೀನು ಬಚ್ಚಿಟ್ಟದ್ದೂ ನನ್ನನ್ನು ಒಬ್ಬಳನ್ನೇ ಬಿಡಬಾರದೆಂದೇ ಇರಬೇಕು. ಆಮೇಲೂ ಆಗಿದೆಯಾ? ಅಮ್ಮನ ಆಣೆ ಹಾಕುವುದಿಲ್ಲ. ನಿಜ ಹೇಳು, ಅಷ್ಟೇ.

ಹೊತ್ತಾಯಿತು. ನಿನ್ನ ಶೆಡ್ಡಿನ ಗೆಳೆಯರಿಗೆ ನನ್ನ ನಮಸ್ಕಾರ, ನಿನ್ನ ಗೊರಕೆ ತಡೆದುಕೊಳ್ಳುವುದಕ್ಕೆ. ನಿನಗಿಂತ ಚಿಕ್ಕವಳು ನಾನು, ಹರಸುವ ಹಾಗಿಲ್ಲ, ಆದರೂ ಈ ಸಲ ಹರಸುತ್ತಿದ್ದೇನೆ. ನೂರು ವರ್ಷ ನನ್ನನ್ನು ಗೋಳು ಹುಯ್ದುಕೊಳ್ಳುತ್ತಿರು.

ನಿನ್ನ
ಇಲಿಮರಿ

ಮರೆತ ಮಾತು: ಗೋಡೆಯ ಊರು ನೀನಿರುವ ಊರೇ ಅಂತೆ. ಸಂಜೆ ಬಸ್ಸಿಗೆ ಹೊರಟವನು ಕೆಳಗೆ ಕಾಯುತ್ತಿದ್ದಾನೆ, ಕಾಗದ ಅವನ ಕೈಯಲ್ಲೇ ಕೊಡುತ್ತೇನೆ. ಬೆಳಿಗ್ಗೆ ಶಿಫ್ಟಿಗೆ ಮುಂಚೆ ನಿನ್ನ ಸೈಟಿನ ಗೇಟಿನಲ್ಲಿ ನಿಲ್ಲುತ್ತಾನೆ, ನೀನು ಕೊನೆಯವರೆಗೆ ಓದುವ ತನಕ ಕದಲಬೇಡ ಎಂದು ಹೇಳಿದ್ದೇನೆ. ಅವನನ್ನು ತಳ್ಳಿಕೊಂಡು ಹೋಗುವುದು ನಿನ್ನಿಂದಾಗುವುದಿಲ್ಲ. ಈಗಷ್ಟೇ ಆ ಸಾಲು ತುಂಬಿದೆ. 'ಅಣ್ಣ. ಹೌದು. ಒಮ್ಮೆ ನಾನೇ ನೋಡಿದ್ದೇನೆ' ಎಂದು ಬರೆದೆ. ಆಣೆ ಮುರಿದಿದ್ದೇನೆ, ಬೈದುಕೋ. ನಿನಗೂ ಇಸಿಜಿ ಆಗಲೇಬೇಕು, ಅಲ್ಲಿಯವರೆಗೆ ಎತ್ತರದ ಕೆಲಸ ಬೇಡ ಎಂದು ಡಾಕ್ಟರು ಆ ಹಾಳೆ ಕೊಟ್ಟ ದಿನವೇ ಹೇಳಿದ್ದರು, ನಿನಗೆ ಹೇಳಲು ಬಾಯಿ ಬಂದಿರಲಿಲ್ಲ. ಗೊತ್ತಾದರೆ ಕ್ರೇನಿನಿಂದ ಇಳಿಸಿಬಿಡುತ್ತಾರೆ ಎಂಬ ಭಯ ನಿನಗೆ. ಇಳಿಸಬಹುದು, ಇಲ್ಲ ಎಂದು ಸುಳ್ಳು ಹೇಳುವುದಿಲ್ಲ. ಇಳಿಸಲಿ ಅಣ್ಣಾ. ನೆಲದ ಮೇಲೆ ನಿಂತ ಅಣ್ಣನೂ ನನಗೆ ಅಣ್ಣನೇ. ನೀನು ಇದನ್ನು ಓದುತ್ತಿದ್ದೀಯ ಎಂದರೆ ಇನ್ನೂ ಹತ್ತಿಲ್ಲ. ಇವತ್ತು ಹತ್ತಬೇಡ.