ಮಾತ್ರೆಗೆ ಉಪವಾಸವಿಲ್ಲ

೮ ನವೆಂಬರ್, ಶನಿವಾರ

ಬೆಳಗಿನ ಶುಗರ್ ೧೨೮. ಇನ್ಸುಲಿನ್ ಸೂಜಿ ಆಯಿತು. ಟೈಪ್ ಒನ್ ಡಯಾಬಿಟಿಸ್ — ಜೀವಮಾನದಲ್ಲಿ ನನಗೆ ಸಿಕ್ಕ ಏಕೈಕ ಫಸ್ಟ್ ರ‍್ಯಾಂಕ್, ಅದೂ ಏಳನೇ ಕ್ಲಾಸಲ್ಲೇ.

ಜೋಳದ ಒಕ್ಕಣೆ ಧೂಳಿಗೆ ಉಬ್ಬಸ, ವೀಸಿಂಗ್. ಅಪ್ಪ ಚಾಮರಾಜನಗರಕ್ಕೆ ಕರೆದೊಯ್ದರು. ಎದೆಯಲ್ಲಿ ಹಾರ್ಮೋನಿಯಂ ಇದೆ ಅಂದೆ. ಡಾಕ್ಟರ್ ನಗಲಿಲ್ಲ. ಸ್ಟೀರಾಯ್ಡ್ ಮಾತ್ರೆ ಬರೆದರು. "ಶುಗರ್ ಏರುತ್ತೆ. ಪದೇ ಪದೇ ನೋಡ್ಕೋ. ಏರಿದ್ರೆ ಫೋನ್ ಮಾಡು, ಇನ್ಸುಲಿನ್ ಜಾಸ್ತಿ ಮಾಡೋಣ." ಓಟಗಾರರು ಕದ್ದು ನುಂಗೋದು, ನನಗೆ ಚೀಟಿ ಸಮೇತ...

೯ ನವೆಂಬರ್, ರಾತ್ರಿ

ನಾಳೆ ಕಾರ್ತಿಕ ಸೋಮವಾರ. ದೀಪ ಹಚ್ಚುವ ತನಕ ಮನೆಮಂದಿಗೆಲ್ಲ ಉಪವಾಸ. ಹೋದ ವರ್ಷ ಸೂಜಿ ಎಂದಿನಷ್ಟೇ ಹಾಕ್ಕೊಂಡು, ಶುಗರ್ ಇಳಿದು, ಗುಡಿ ಮೆಟ್ಟಿಲ ಮೇಲೆ ಬಿದ್ದಿದ್ದೆ. ಜನ ಭಕ್ತಿ ಅಂದುಕೊಂಡರು. ಅದಕ್ಕೇ ಈ ಸಲ ರಾತ್ರಿಯ ಇನ್ಸುಲಿನ್ ಅರ್ಧ. ಹೊಟ್ಟೇಲಿ ಏನೂ ಇಲ್ಲದ ಮೇಲೆ ಏರೋದಾದರೂ ಏನು?

೧೦ ನವೆಂಬರ್, ಮಧ್ಯಾಹ್ನ

ಬೆಳಗ್ಗೆ ಮಾತ್ರೆ, ನೀರು. ಅಷ್ಟೇ. ಈಗ ೪೩೬.

ಮೀಟರ್ ಕೆಟ್ಟಿದೆ. ಕೈ ತೊಳೆದು ಮತ್ತೆ ನೋಡಿದೆ — ೪೪೧.

ಅವ್ವ ಇಣುಕಿದಳು. "ಕದ್ದು ತಿಂದ್ಯಾ, ಬಿಂದೂ?"

"ಶಿವನಾಣೆ ಇಲ್ಲ ಕಣವ್ವ."

"ನೀರ್ ಕುಡುದ್ರೆ ಸಕ್ರೆ ಏರ್ಬುಡ್ತದಾ? ಡಬ್ಬೀಲಿ ಬೆಲ್ಲ ಕಮ್ಮಿ ಆಗ್ಬುಟ್ಟದ."

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಸ್ವಲ್ಪ ಇನ್ಸುಲಿನ್ ಹಾಕ್ಕೊಂಡೆ. ಹೆಚ್ಚಿಗೆ ಹಾಕೋಕೆ ಭಯ — ಖಾಲಿ ಹೊಟ್ಟೆ. ಬಾಯಿ ಒಣಗಿ ಹಪ್ಪಳ.

ಸಂಜೆ

ವಾಂತಿ. ಮತ್ತೆ ವಾಂತಿ. ಮೂತ್ರದಲ್ಲಿ ಅದ್ದಿದ ಕೀಟೋನ್ ಪಟ್ಟಿ ಕಡುನೇರಳೆ — ಇನ್ಸುಲಿನ್ ಸಾಲದೆ ರಕ್ತ ಆಮ್ಲವಾಗ್ತಿದೆ ಅಂತ. ಡಾಕ್ಟರಿಗೆ ಫೋನ್ ಮಾಡಿದೆ.

"ಉಪವಾಸ ಸಾರ್... ಇನ್ಸುಲಿನ್ ಅರ್ಧ ಮಾಡ್ದೆ."

"ಮಾತ್ರೆಗೆ ಉಪವಾಸ ಇಲ್ಲಮ್ಮ. ನೀನು ತಿನ್ನದಿದ್ರೂ ಅದು ಲಿವರ್‌ನಿಂದ ಸಕ್ಕರೆ ಸುರಿಸ್ತಾನೇ ಇರುತ್ತೆ. ಈಗ್ಲೇ ಹೊರಡಿ."

ಅಪ್ಪ ಓಮ್ನಿ ತೆಗೆದರು. ಅವ್ವ ಬತ್ತಿ ಹೊಸೆದಿಟ್ಟವಳು ದೀಪ ಹಚ್ಚದೇ ಹತ್ತಿದಳು. ಕಾರ್ತಿಕದಲ್ಲಿ, ಅವ್ವ. ಭಯ ಬಿದ್ದಿದ್ದು ಆಗಲೇ...

೧೩ ನವೆಂಬರ್, ಆಸ್ಪತ್ರೆ

ಐಸಿಯುನಿಂದ ಹೊರಗೆ. ಎಡಗೈಲಿ ಡ್ರಿಪ್. ಮಂಗಳವಾರ ಅನ್ನೋದೇ ನನಗೆ ನೆನಪಿಲ್ಲ. ಇಷ್ಟು ಬಾಯಿಬಡುಕಿ, ದಿನವಿಡೀ ತುಟಿ ಬಿಚ್ಚಲಿಲ್ಲವಂತೆ.

ಅವ್ವ ಸೋಮವಾರದ ಉಪವಾಸ ಇನ್ನೂ ಮುರಿದಿಲ್ಲ. ಅಪ್ಪ ಹೇಳಿದರು.

ಇಡ್ಲಿ ಬಂತು. ಅವ್ವ ತುತ್ತು ಎತ್ತಿದವಳು ನನ್ನ ಬಾಯಿ ಹತ್ತಿರ ತಂದು, ವಾಪಸ್ ಇಟ್ಟಳು.

"ಮೊದ್ಲು ಸೂಜಿ ಆಕುಸ್ಕೊ. ಶಿವ ಕಾಯ್ತನೆ."

"ಬೆಲ್ಲ ತಿಂದಿರ್ಲಿಲ್ಲ ಕಣವ್ವ."

"ಗೊತ್ತು ಕಣವ್ವ. ನಾನೇ ಅಂದ್ಬುಟ್ಟೆ..." ಮುಖ ಆ ಕಡೆ ತಿರುಗಿಸಿದಳು.

ಅವಳನ್ನ ನಗಿಸಬೇಕು. ಒಂದು ಜೋಕು ಇತ್ತು, ನಾಲಿಗೆ ತುದೀಲೇ. ಏನಂದರೆ — ಇಲ್ಲ, ಈ ಸಲ ಜೋಕು ಬರಲಿಲ್ಲ.