ಸುಣ್ಣದ ಗೆರೆಯ ಊರು

ಹುಬ್ಬಳ್ಳಿ,
೮ ಫೆಬ್ರುವರಿ ೧೯೩೯

ಪ್ರೀತಿಯ ಸಂಗಕ್ಕಾ, ಶರಣು.

ಸೊಲ್ಲಾಪುರದ ಗಿರಣಿ ಹೊಗೆಗೆ ಹಿಡಿದ ನಿನ್ನ ಕೆಮ್ಮು ಹೇಗಿದೆ? ಜ್ಯೇಷ್ಠಮಧು ಬಾಯಲ್ಲಿಟ್ಟುಕೋ ಎಂದು ಅವ್ವ ದಿನಾ ಹೇಳುತ್ತಾಳೆ, ನೀನು ಪಕ್ಕದ ಕೋಣೆಯಲ್ಲೇ ಇರುವಂತೆ. ಇಲ್ಲಿ ಎಲ್ಲರೂ ಕ್ಷೇಮ.

ಅಪ್ಪ ಬೆಂಗೇರಿಯ ನಮ್ಮ ಹೊಲದಲ್ಲಿ ಹೊಸ ಬಡಾವಣೆ ಹಾಕಿಸಿದ್ದಾರೆ. ಹತ್ತಿಯ ಅಡತಿ ವ್ಯಾಪಾರ ಬಿಟ್ಟು ಮೊದಲ ಸಲ ಪ್ಲಾಟು ಹಾಕಿಸಿದಾಗ "ನರಿ ಊಳಿಡೂ ಜಾಗಾದಾಗ ಯಾರ ಮನಿ ಕಟ್ತಾರೋ ಬಸಣ್ಣಾ" ಎಂದು ನಕ್ಕ ಅಡತಿ ಅಂಗಡಿಯವರೇ ಈಗ ಪ್ಲಾಟಿಗಾಗಿ ಬೆಳಗಾದರೆ ನಮ್ಮ ಕಟ್ಟೆಯ ಮೇಲೆ ಕೂತಿರುತ್ತಾರೆ. ಕರಿ ಮಣ್ಣಿನ ಮೇಲೆ ಸುಣ್ಣದ ಗೆರೆ ಎಳೆದು ಮನೆ, ಓಣಿ, ಬಾವಿ ಎಲ್ಲ ಗುರುತು ಮಾಡಿಯಾಗಿದೆ. ಸಂಜೆ ಬಿಸಿಲು ಹಳದಿಯಾದಾಗ ನಾವು ಅಲ್ಲಿ ತಿರುಗಾಡುತ್ತೇವೆ. ಅಕ್ಕಾ, ಆ ಹೊತ್ತಿನಲ್ಲಿ ಗೋಡೆಗಳು ಎದ್ದು ನಿಂತಂತೆಯೇ ಕಾಣುತ್ತವೆ. ಯಾರದೋ ಒಗ್ಗರಣೆಯ ವಾಸನೆ ಕೂಡ ಬರುತ್ತದೆ. ಮೊನ್ನೆ ಅಪ್ಪ ಗೆರೆ ದಾಟಿ ಬಂದದ್ದಕ್ಕೆ ಅವ್ವ "ಬಾಗಲಾ ಆ ಕಡಿ ಐತಲ್ರೀ, ಗ್ವಾಡಿ ಹಾದು ಯಾಕ ಬರ್ತೀರಿ?" ಎಂದು ಗದರಿದಳು. ಅಪ್ಪ ಸುತ್ತಿ ಬಾಗಿಲಿನಿಂದಲೇ ಬಂದರು, ಚಪ್ಪಲಿ ಹೊರಗೆ ಬಿಟ್ಟು!

ನಾನು ಓದುವ ಕಿರುಹೊತ್ತಿಗೆಗಳಲ್ಲಿ ಬರೆದ ಊರು ಇದೇ ಎಂದುಕೊಂಡಿದ್ದೆ. ಇಂಥವರ ಓಣಿ, ಅಂಥವರ ಓಣಿ ಎಂಬುದಿಲ್ಲದ ಊರು. ಆದರೆ ಅಪ್ಪನಿಗೆ ಹಿಂದಿನ ಬಡಾವಣೆಗಳಲ್ಲಿ ಇಷ್ಟು ಮನೆ ಕಟ್ಟಿಕೊಟ್ಟ ಗೌಂಡಿ ಕಾಸಿಮಸಾಬರು ತಮಗೂ ಒಂದು ಪ್ಲಾಟು ಕೇಳಿದರು. ಅವರು ಬಂದರೆ ನಾವು ಬರುವುದಿಲ್ಲ ಎಂದರು ಅಡತಿಯವರು. ಅಪ್ಪ ತಲೆ ತಗ್ಗಿಸಿ "ಮುಂದಿನ ಬಡಾವಣಿಯೊಳಗ ನೋಡೂಣು" ಎಂದರು. "ಆಗ್ಲಿರಿ ಮಾಲಕರ. ಅಷ್ಟೊತ್ತಿಗೆ ನನ್ನ ಗಡ್ಡ ಪೂರಾ ಬೆಳ್ಳಗಾಗಿರತೈತಿ, ಗೆರಿ ಹೊಡಿಯಾಕ ಸುಣ್ಣಾನ ಬ್ಯಾಡ" ಎಂದು ಕಾಸಿಮಸಾಬರು ನಕ್ಕರು. ಅವರ ಹೆಂಡತಿ ಕರೀಮಾಬಿ ನಗಲಿಲ್ಲ. ಗೆರೆಯೊಳಗಿಟ್ಟಿದ್ದ ಕಾಲನ್ನು ಹಿಂದೆ ತೆಗೆದುಕೊಂಡರು. ಅಂದಿನಿಂದ ನಾನು ಅಪ್ಪನ ಪಂಕ್ತಿಯಲ್ಲಿ ಉಣ್ಣುತ್ತಿಲ್ಲ. ನ್ಯಾಯವಿಲ್ಲದ ಊರಿಗೆ ಬಾವಿ ಎಷ್ಟು ಆಳ ತೋಡಿದರೇನು?

ಭಾವನವರಿಗೆ ನಮಸ್ಕಾರ ಹೇಳು. ಕೂಸಿನ ಗಲ್ಲಕ್ಕೆ ನನ್ನದೊಂದು ಮುತ್ತು.

ನಿನ್ನ ತಮ್ಮ,
ದ್ಯಾಮಣ್ಣ

ತಾ.ಕ.: ಟಪಾಲಿನವರು ಚೀಲ ಕಟ್ಟುತ್ತಿದ್ದಾರೆ. ಬೆಂಗೇರಿ ಹೊಲದ ಒಂದು ಮೂಲೆ ನಿನ್ನ ಮದುವೆಯಲ್ಲಿ ಅರಿಷಿಣ-ಕುಂಕುಮಕ್ಕೆಂದು ನಿನ್ನ ಹೆಸರಿಗೆ ಆದದ್ದಲ್ಲವೇ? ಮಗಳಿಗೆ ಹಾಗೆ ಕೊಟ್ಟ ಭೂಮಿಯ ಮೇಲೆ ತವರಿನವರ ಮಾತು ನಡೆಯುವುದಿಲ್ಲ. ಅದನ್ನು ಕಾಸಿಮಸಾಬರಿಗೆ ಮಾರಲು ನೀನು ಒಪ್ಪಿದ್ದೀ ಎಂದು ಎಲ್ಲರೆದುರು ಹೇಳಿಬಿಟ್ಟೆ. ನಿನ್ನನ್ನು ಕೇಳಲಿಲ್ಲ. ಅಪ್ಪ "ಸಂಗವ್ವ ಹೂಂ ಅಂದ್ರ ಬ್ಯಾಡ ಅನ್ನಾಕ ನಾ ಯಾರು?" ಎಂದರು. ಸೋಮವಾರ ಕಾಸಿಮಸಾಬರು ಅಲ್ಲಿ ಬುನಾದಿ ತೋಡುತ್ತಾರೆ. ಹೂಂ ಎಂಬುದನ್ನು ತಂತಿಯಲ್ಲಿ ಕಳಿಸು, ಅಕ್ಕಾ. ಬೈಗುಳವನ್ನು ಆಮೇಲೆ ಕಾಗದದಲ್ಲಿ ಬರೆದರಾಯಿತು.