ಎಡಬದಿಯ ಹಲಗೆಗಳು

ಬೋಳೂರು, ಮಂಗಳೂರು
14 ನವೆಂಬರ್ 2024, ಗುರುವಾರ

ಪ್ರೀತಿಯ ಶೈಲೇಶಣ್ಣನಿಗೆ ತಮ್ಮ ಮೋಕ್ಷಿತನ ನಮಸ್ಕಾರಗಳು.

ನನ್ನ ಅಕ್ಷರ ಚೆನ್ನಾಗಿಲ್ಲ, ಕಾಗುಣಿತದಲ್ಲೂ ತಪ್ಪು ಇರುತ್ತದೆ, ಬೇಸರ ಮಾಡಬೇಡ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ಹಲಗೆಯ ಮೇಲೆ ಗೀಟು ಹಾಕಿದ್ದೇ ಹೆಚ್ಚು. ನೀನು ಹೋಗಿ ಐದು ತಿಂಗಳಾಯಿತು, ಇಷ್ಟು ತಡವಾಗಿ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದ್ದರೂ ನನ್ನ ಬಾಯಿಂದ ಮಾತು ಬರುತ್ತಿತ್ತೋ ಇಲ್ಲವೋ. ಮಸ್ಕತ್ತಿನಲ್ಲಿ ನಿನ್ನ ಜೊತೆ ಕೆಲಸ ಮಾಡುವ ಹಾಶಿಂ ರಜೆಯಲ್ಲಿ ಬಂದಿದ್ದಾನೆ, ನಾಡಿದ್ದು ಹೊರಡುತ್ತಾನೆ. ಅವನ ಕೈಯಲ್ಲಿ ಇದನ್ನು ಕೊಡುತ್ತೇನೆ. ನೀನು ಸಪೂರ ಆಗಿದ್ದೀ ಎಂದು ಹೇಳಿದ. ಸರಿಯಾಗಿ ಊಟ ಮಾಡು.

ಫಿಲಿಪ್ ಸರ್ ಅವರ ತಂದೆಯ ಹಾಯಿದೋಣಿ ‘ರೊಸಾಲಿನ್’ ಹಲಗೆ ಬದಲಿಸುವ ಕೆಲಸ ಮುಗಿಯದೆ ಇನ್ನೂ ನಮ್ಮ ಶೆಡ್ಡಿನಲ್ಲೇ ಇದೆ. ಜನವರಿಯಲ್ಲಿ ಹಳೆಯ ದೋಣಿಗಳ ಓಟಕ್ಕೆ ಅದು ಕೊಚ್ಚಿಗೆ ಹೋಗಬೇಕು. ಅಳತೆ ಸರಿ ಇದ್ದರೆ ಮಾತ್ರ ಸೇರಿಸಿಕೊಳ್ಳುತ್ತಾರಂತೆ. ಭಾನುವಾರ ಅಳೆಯುವವರು ಬಂದಿದ್ದರು. ಟೇಪಿನ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ನಾನು ಓದಿ ಹೇಳಬೇಕು, ಫಿಲಿಪ್ ಸರ್ ಬರೆದುಕೊಳ್ಳಬೇಕು.

“ಎಂತ ಮಾರಾಯ, ದೋಣಿಯ ಕಿವಿಯಲ್ಲಿ ಗುಟ್ಟು ಹೇಳ್ತೀಯಾ? ಗಟ್ಟಿ ಹೇಳು!” ಎಂದು ಫಿಲಿಪ್ ಸರ್ ಬೊಬ್ಬೆ ಹಾಕಿದರು. ನನ್ನ ಕಿವಿ ಬಿಸಿಯಾಯಿತು.

ಮೂತಿಯಿಂದ ಹಿಂದಿನ ಬಲ ಮೂಲೆಗೆ ಅಳೆದರು, ಮತ್ತೆ ಎಡ ಮೂಲೆಗೆ. ಒಂದೂವರೆ ಇಂಚು ವ್ಯತ್ಯಾಸ. ದೋಣಿ ತಿರುಚಿಕೊಂಡಿದೆ ಅಣ್ಣ. ತಪ್ಪು ನನ್ನದೇ. ಬಲಬದಿಗೆ ಒಂದು ಹಲಗೆ ಕೂರಿಸಿದರೆ ಅದೇ ದಿನ ಎಡಬದಿಗೂ ಒಂದು ಕೂರಬೇಕು, ಇಲ್ಲದಿದ್ದರೆ ಒಂದೇ ಬದಿಯ ಎಳೆತಕ್ಕೆ ದೋಣಿ ತಿರುಚುತ್ತದೆ ಎಂದು ಅಪ್ಪ ನಮಗೆ ಕಲಿಸಿದ್ದರಲ್ಲ? ನೀನು ಎಡಗೈಯವನಾದ್ದರಿಂದ ಎಡಬದಿ ಯಾವಾಗಲೂ ನಿನ್ನದು. ನೀನು ಹೋಗುವಾಗ ಎರಡೂ ಕಡೆ ಮೂರು ಮೂರು ಹೊಸ ಹಲಗೆ ಕೂತಿತ್ತು. ಆಮೇಲೆ ಫಿಲಿಪ್ ಸರ್ ವಾರ ವಾರ ಬಂದು ಕೇಳುತ್ತಿದ್ದರು. ಕೆಲಸ ನಿಂತಿದೆ ಎಂದು ಹೇಳಲು ಧೈರ್ಯ ಬರಲಿಲ್ಲ. ನಿನ್ನ ಬದಿ ಮುಟ್ಟಲೂ ಮನಸ್ಸಾಗಲಿಲ್ಲ. ನನ್ನ ಬದಿಗೆ ಮಾತ್ರ ಒಂದೊಂದೇ ಕೂರಿಸುತ್ತಾ ಏಳಕ್ಕೆ ತಂದೆ. ಅಪ್ಪ ನೋಡಿದ್ದರೆ ಮೊದಲನೆಯದಕ್ಕೇ ನಿಲ್ಲಿಸುತ್ತಿದ್ದರು. ನೀನು ಹೋದ ದಿನದಿಂದ ಅವರು ಶೆಡ್ಡಿಗೆ ಕಾಲಿಟ್ಟಿಲ್ಲ.

“ಎಡಬದಿ ಯಾಕೆ ಹಾಗೇ ಉಂಟು?” ಎಂದು ಫಿಲಿಪ್ ಸರ್ ಕೇಳಿದರು.

“ಅಣ್ಣ ಬರ್ತಾನೆ ಸರ್.”

“ಯಾವಾಗ?”

ನಾನು ಟೇಪು ಸುತ್ತಿದೆ.

“ಸೋಮವಾರದ ಒಳಗೆ ಹೇಳು. ಇಲ್ಲದಿದ್ರೆ ನಾನು ಮಲ್ಪೆಯಿಂದ ಬೇರೆ ಜನ ತರಿಸ್ತೇನೆ. ನನಗೂ ವಯಸ್ಸಾಯ್ತು, ಒಮ್ಮೆ ಅದರಲ್ಲಿ ಕೂತುಕೊಳ್ಬೇಕು” ಎಂದರು. ಅವರ ಮೇಲೆ ಸಿಟ್ಟು ಬರುವುದಿಲ್ಲ. ಆದರೆ ನಿನ್ನ ಜಾಗದಲ್ಲಿ ಬೇರೆ ಒಬ್ಬ ನಿಂತು ಮೊಳೆ ಹೊಡೆಯುವುದನ್ನು ನಾನು ಹೇಗೆ ನೋಡಲಿ?

ಮಧ್ಯಾಹ್ನ ಬುತ್ತಿ ಒಬ್ಬನೇ ತಿನ್ನುತ್ತೇನೆ. ನೀನು ಇದ್ದಾಗ ದೋಣಿಯ ಆಚೆಯಿಂದ ನಿನ್ನ ಪೆಟ್ಟು ಕೇಳುತ್ತಿತ್ತು. ಅದಕ್ಕೆ ಸರಿಯಾಗಿ ನಾನೂ ಹೊಡೆಯುತ್ತಿದ್ದೆ. ಈಗ ನನಗೆ ಲಯವೇ ಸಿಗುವುದಿಲ್ಲ, ಎರಡು ಸಲ ಹೆಬ್ಬೆರಳಿಗೆ ಹೊಡೆದುಕೊಂಡೆ.

ಅಮ್ಮ ಚೆನ್ನಾಗಿದ್ದಾರೆ. ಉರ್ವ ಮಾರ್ಕೆಟಿನಲ್ಲಿ ಬಂಗುಡೆ ಮೀನು ಕಂಡರೆ ನಿನ್ನ ಹೆಸರು ಹೇಳುತ್ತಾರೆ, ಕೊಳ್ಳದೆ ಬರುತ್ತಾರೆ. ಒಣಮೀನಿನ ಚಟ್ನಿ ಮಾಡಿ ಹಾಶಿಂನ ಕೈಯಲ್ಲಿ ಕಳಿಸಿದ್ದಾರೆ. ಕದ್ರಿಯ ದೇವರು ನಿನ್ನನ್ನು ಆರೋಗ್ಯದಲ್ಲಿ ಇಡಲಿ. ಸಣ್ಣವನಾದ ನನಗೆ ನಿನ್ನ ಆಶೀರ್ವಾದ ಇರಲಿ.

ನಿನ್ನ ತಮ್ಮ,
ಮೋಕ್ಷಿತ್

ಮತ್ತೆ: ಇದು ಶುಕ್ರವಾರ ಬರೆಯುತ್ತಿರುವುದು. ನಿನ್ನೆ ಇದನ್ನು ಬರೆಯಲು ಕೈ ಬರಲಿಲ್ಲ. ದೋಣಿಯ ಮೂತಿಯ ಹಳೆಯ ಮರ ಸೀಳಿದ್ದು ನಿನ್ನಿಂದಲ್ಲ. ನೀನು ಚಾ ಕುಡಿಯಲು ಹೋದಾಗ ಬೆಣೆ ಜೋರಾಗಿ ಹೊಡೆದವನು ನಾನು. ಅಪ್ಪ ಫಿಲಿಪ್ ಸರ್ ಎದುರಿಗೇ “ಎಡಗೈಯವನ ಕೆಲಸವೇ ಇಷ್ಟು, ಮರದ ಮೇಲೆ ಮರ್ಯಾದೆ ಇಲ್ಲ ಇವನಿಗೆ” ಎಂದು ನಿನ್ನನ್ನು ಬೈದಾಗ ನೀನು ಒಮ್ಮೆ ನನ್ನನ್ನು ನೋಡಿದೆ. ನಾನು ನೆಲ ನೋಡಿದೆ. ನಿನಗೆ ಗೊತ್ತಿತ್ತು, ಆದರೂ ಹೇಳದೆ ಮಸ್ಕತ್ತಿಗೆ ಹೊರಟುಹೋದೆ.

ಇವತ್ತು ಬೆಳಿಗ್ಗೆ ಅಪ್ಪನಿಗೆ ಹೇಳಿದೆ.  ಅವರು “ಅಂದೇ ಹೇಳ್ಲಿಕ್ಕೆ ಎಂತ ಆಗಿತ್ತು ನಿನಗೆ?” ಎಂದು ಕೇಳಿ, ಎದ್ದು ಚಪ್ಪಲಿ ಹಾಕಿಕೊಂಡು ನನ್ನ ಮುಂದೆಯೇ ಶೆಡ್ಡಿಗೆ ನಡೆದರು. ದೋಣಿಯನ್ನು ಸುತ್ತಿ ನೋಡಿದರು, ಬೈಯಲಿಲ್ಲ. ನಾನು ಬಲಬದಿಯ ಮೇಲಿನ ಹಲಗೆಯ ತಾಮ್ರದ ಮೊಳೆಗಳನ್ನು ಕಿತ್ತೆ, ಹಲಗೆ ಬೀಳದಂತೆ ಅವರು ಹಿಡಿದುಕೊಂಡರು. ಅದನ್ನು ಇಬ್ಬರೂ ಸೇರಿ ಗೋಡೆಗೆ ಒರಗಿಸಿ ಇಟ್ಟೆವು. ಇನ್ನು ಮೂರು ಕಿತ್ತರೆ ನಿನ್ನ ಬದಿಗೆ ಸಮ ಬರುತ್ತದೆ.